ಮನೆಯ ಮರಗೆಲಸ: "ಹುಷಾರಾಗಿರು" ಅನ್ನುವುದು ಬಿಟ್ಟು ಬೇರೆ ಏನು ಮಾಡಬೇಕು?

ಹಲಗೆಮನೆ

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಕೋಣೆಯಲ್ಲಿ ಮೂರು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಯಾರ ಕೈಕೆಳಗೂ ಕಲಿತವನಲ್ಲ, ನೋಡಿ ನೋಡಿ ಕಲಿತದ್ದು. ಎರಡು ಕಪಾಟು, ನಾಲ್ಕು ಸ್ಟೂಲ್, ಮಗಳಿಗೆ ಓದುವ ಮೇಜು, ಇಷ್ಟಾಗಿದೆ.

ಹೋದ ವಾರ ಟೇಬಲ್ ಸಾ (ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆ ಬಂದಿರುವ ಯಂತ್ರ) ಮೇಲೆ ಒಂದು ಚಿಕ್ಕ ಹಲಗೆ ಸೀಳುತ್ತಿದ್ದೆ. ಅಂಗೈ ಅಗಲ, ಒಂದೂವರೆ ಗೇಣು ಉದ್ದ. ಕೊನೆಯ ಎರಡು ಇಂಚು ಬಾಕಿ ಇತ್ತು. ಧಡ್ ಅಂತ ಸದ್ದಾಯಿತು. ನೋಡಿದರೆ ಮೇಜಿನ ಮೇಲೆ ಹಲಗೆಯೇ ಇಲ್ಲ. ಎಡ ಪಕ್ಕೆಯ ಕೆಳಗೆ ಬಡಿದು, ಹಿಂದಿನ ಗೋಡೆಗೆ ಹೋಗಿ ಬಿದ್ದಿತ್ತು. ಪೆಟ್ಟು ಬಿದ್ದ ಜಾಗ ನೀಲಿಗಟ್ಟಿದೆ.

ನೋವಿಗಿಂತ ಜಾಸ್ತಿ ಕಾಡುತ್ತಿರುವುದು ಬೇರೆ. ಆ ಹೊತ್ತಿನಲ್ಲಿ ನನ್ನ ಕೈ ಬ್ಲೇಡಿನಿಂದ ಎಷ್ಟು ದೂರ ಇತ್ತು ಅಂತ ನನಗೆ ನೆನಪೇ ಇಲ್ಲ. ಮನೆಯಲ್ಲಿ ಎಲ್ಲರೂ "ಹುಷಾರಾಗಿ ಮಾಡು" ಅಂದರು. ಆವತ್ತೂ ನಾನು ಹುಷಾರಾಗಿಯೇ ಇದ್ದೆ. ಫೋನ್ ನೋಡುತ್ತಿರಲಿಲ್ಲ, ಅವಸರವೂ ಇರಲಿಲ್ಲ. ಹಾಗಿದ್ದರೆ ತಪ್ಪಾದದ್ದು ಎಲ್ಲಿ? ಕೆಲಸ ಬಿಡುವ ಮನಸ್ಸಿಲ್ಲ. ಏನು ಬದಲಾಯಿಸಬೇಕು ಅಂತ ಹೇಳಿ.

ಗಾಯಪಟ್ಟಿ

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಬೇರೆ ಮಾತು ಆಮೇಲೆ. ಎಡ ಪಕ್ಕೆಯ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್ ಅನ್ನುವ ರಕ್ತ ತುಂಬಿದ ಅಂಗ ಇರುತ್ತದೆ. ಅಲ್ಲಿಗೆ ಜೋರು ಪೆಟ್ಟು ಬಿದ್ದರೆ ಒಳಗೆ ರಕ್ತ ಸೋರುವುದು ಕೆಲವರಲ್ಲಿ ದಿನಗಳ ನಂತರವೂ ಶುರುವಾಗಬಹುದು. ಹೊರಗೆ ಬರೀ ನೀಲಿ ಕಾಣಿಸುತ್ತದೆ. ಇನ್ನೂ ತೋರಿಸಿಲ್ಲವಾದರೆ ಇವತ್ತೇ ಹೋಗಿ. ತಲೆಸುತ್ತು, ಎಡ ಭುಜದಲ್ಲಿ ನೋವು, ಹೊಟ್ಟೆ ಬಿಗಿಯಾಗುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ.

ಎಳೆಗಂಟು

ಅವರು ಹೇಳಿದ್ದನ್ನು ಮೊದಲು ಮಾಡಿ. ಬಂದ ಮೇಲೆ ನಾಲ್ಕು ವಿಷಯ ಹೇಳಿ. ಬ್ಲೇಡಿನ ಹಿಂದೆ ರೈವಿಂಗ್ ನೈಫ್, ಅಂದರೆ ಸೀಳಿನೊಳಗೆ ನಿಲ್ಲುವ ತೆಳು ಲೋಹದ ತಗಡು, ಇತ್ತಾ? ಬ್ಲೇಡ್ ಎಷ್ಟು ಎತ್ತರ ಇತ್ತು? ಹಲಗೆ ಒರಗಿ ಸಾಗುವ ನೇರ ಪಟ್ಟಿ ಇದೆಯಲ್ಲ, ಫೆನ್ಸ್, ಹಲಗೆಯ ಆ ಕಡೆಯ ಅಂಚು ನೇರ ಇತ್ತಾ? ಹಲಗೆಯನ್ನು ಏನಿಂದ ತಳ್ಳುತ್ತಿದ್ದಿರಿ?

ಹಲಗೆಮನೆ

ತೋರಿಸಿ ಬಂದೆ. ಸ್ಕ್ಯಾನ್ ಮಾಡಿದರು, ಒಳಗೆ ಏನೂ ಆಗಿಲ್ಲವಂತೆ. ತುಂಬಾ ಥ್ಯಾಂಕ್ಸ್ ಮೇಡಂ, ನೀವು ಹೇಳದಿದ್ದರೆ ಹೋಗುತ್ತಿರಲಿಲ್ಲ.

ಎಳೆಗಂಟು ಅವರೇ, ಉತ್ತರ ಬರೆಯಲು ಕೂತಾಗಲೇ ಅರ್ಧ ಅರ್ಥವಾಯಿತು. ನೈಫ್ ಇರಲಿಲ್ಲ. ವರ್ಷದ ಹಿಂದೆ ಹಲಗೆಯಲ್ಲಿ ಒಂದು ಗ್ರೂವ್ (ಗಾಡಿ) ತೋಡುವಾಗ ಬ್ಲೇಡ್ ಮುಚ್ಚುವ ಗಾರ್ಡ್ ಜೊತೆಗೆ ಬಿಚ್ಚಿಟ್ಟಿದ್ದೆ, ವಾಪಸ್ ಹಾಕಲೇ ಇಲ್ಲ. ಬ್ಲೇಡ್ ಪೂರ್ತಿ ಮೇಲಿತ್ತು. ಹಲಗೆ ಹಳೆಯ ಮಂಚದ್ದು, ಸ್ವಲ್ಪ ತಿರುಚಿಕೊಂಡಿತ್ತು. ಮೇಜಿನ ಮೇಲೆ ಇಟ್ಟರೆ ಅಲುಗಾಡುತ್ತಿತ್ತು. ತಳ್ಳುತ್ತಿದ್ದದ್ದು ಕೈಯಿಂದಲೇ.

ಎಳೆಗಂಟು

ಸ್ಕ್ಯಾನ್ ಸರಿ ಇದೆ ಅಂತ ಓದಿ ಸಮಾಧಾನವಾಯಿತು.

ಈಗ ಆದದ್ದೇನು ಅಂತ ನೋಡೋಣ. ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಮೇಜಿನ ಕಡೆಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಮೇಜಿನಿಂದ ಮೇಲಕ್ಕೆ ಏಳುತ್ತವೆ, ಎದ್ದು ನಿಮ್ಮ ಕಡೆಗೇ ತಿರುಗಿ ಬರುತ್ತವೆ. ಹಲಗೆ ನೇರ ಹೋಗುತ್ತಿರುವಷ್ಟು ಹೊತ್ತು ಹಿಂದಿನ ಹಲ್ಲಿಗೆ ಏನೂ ಸಿಗುವುದಿಲ್ಲ. ಹಲಗೆ ಕೂದಲೆಳೆಯಷ್ಟು ತಿರುಗಿದರೆ, ಅಥವಾ ಸೀಳಿದ ಜಾಗ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ, ಹಿಂದಿನ ಹಲ್ಲು ಅದನ್ನು ಎತ್ತಿ ಎಸೆಯುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 190 ಕಿಲೋಮೀಟರ್. ಆ ಎಸೆತವನ್ನು ಕೈಯಿಂದ ತಡೆಯಲು ಆಗುವುದಿಲ್ಲ. ನಿಮಗೆ ಧಡ್ ಅಂತ ಕೇಳಿಸುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಕೈ ಗಾಯ ಆಗುವುದೂ ಬಹಳ ಸಲ ಹೀಗೆಯೇ. ಬೆರಳು ಬ್ಲೇಡಿನ ಹತ್ತಿರ ತಾನಾಗಿ ಹೋಗುವುದಿಲ್ಲ. ಬೆರಳು ಒರಗಿದ್ದ ಹಲಗೆ ಮಾಯವಾಗುತ್ತದೆ, ಕೈ ಮುಂದಕ್ಕೆ ಬೀಳುತ್ತದೆ.

ರೈವಿಂಗ್ ನೈಫ್ ನಿಲ್ಲುವುದು ಆ ಹಿಂದಿನ ಹಲ್ಲಿನ ಬೆನ್ನಿಗೆ. ಬ್ಲೇಡಿನ ಮೈಗಿಂತ ಸ್ವಲ್ಪ ದಪ್ಪ, ಹಲ್ಲು ಕೊರೆದ ಸೀಳಿಗಿಂತ ಸ್ವಲ್ಪ ತೆಳು. ಬ್ಲೇಡ್ ಮೇಲೆ ಕೆಳಗೆ ಹೋದಂತೆ ಅದೂ ಹೋಗುತ್ತದೆ. ಸೀಳು ಮುಚ್ಚಿಕೊಳ್ಳಲು ಬಿಡುವುದಿಲ್ಲ, ಹಲಗೆ ತಿರುಗಿ ಹಿಂದಿನ ಹಲ್ಲಿನ ಮೇಲೆ ಹತ್ತಲೂ ಬಿಡುವುದಿಲ್ಲ. ಬ್ಲೇಡಿನ ತುದಿಗಿಂತ ತಗ್ಗಾಗಿ ಕೂರುವ ನೈಫ್ ಇದ್ದರೆ ಗ್ರೂವ್ ತೋಡುವಾಗಲೂ ಬಿಚ್ಚಬೇಕಿಲ್ಲ. ಬ್ಲೇಡ್ ಬದಲಾಯಿಸಿದಾಗ ಅದರ ದಪ್ಪಕ್ಕೆ ನೈಫ್ ಹೊಂದುತ್ತದಾ ಅಂತ ಮಾತ್ರ ನೋಡಿ.

ತಿರುಚಿದ ಹಲಗೆಯನ್ನು ಹಾಗೇ ಟೇಬಲ್ ಸಾ ಮೇಲೆ ಇಡಬಾರದು. ಒಂದು ಮುಖ ಮಟ್ಟ, ಒಂದು ಅಂಚು ನೇರ ಮಾಡಿಕೊಂಡ ಮೇಲೇ. ಬ್ಲೇಡ್ ಎತ್ತರದ ಬಗ್ಗೆ ಎರಡು ಅಭಿಪ್ರಾಯ ಇದೆ. ಎತ್ತರ ಇದ್ದರೆ ಹಲ್ಲು ಮರವನ್ನು ಕೆಳಕ್ಕೆ ಚೆನ್ನಾಗಿ ಒತ್ತುತ್ತದೆ ಅನ್ನುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ಕೈಗೆ ಸಿಗುವ ಬ್ಲೇಡ್ ಜಾಸ್ತಿಯಾಗುತ್ತದೆ. ನಾನು ಹಲ್ಲುಗಳ ನಡುವಿನ ಗುಂಡಿ ಹಲಗೆಯಿಂದ ಆಗಷ್ಟೇ ಮೇಲೆ ಕಾಣುವಷ್ಟು ಇಡುತ್ತೇನೆ. ನಿಲ್ಲುವುದು ಬ್ಲೇಡಿನ ನೇರಕ್ಕೆ ಅಲ್ಲ, ಪಕ್ಕಕ್ಕೆ. ಇನ್ನೊಂದು: ಅಡ್ಡ ಕತ್ತರಿಸುವಾಗ ಮೈಟರ್ ಗೇಜ್ (ಹಲಗೆಯನ್ನು ಅಡ್ಡಲಾಗಿ ಹಿಡಿದು ತಳ್ಳುವ ಸಾಧನ) ಮತ್ತು ಫೆನ್ಸ್ ಎರಡನ್ನೂ ಒಟ್ಟಿಗೆ ಬಳಸಬೇಡಿ. ಕತ್ತರಿಸಿದ ತುಂಡು ಫೆನ್ಸ್ ಮತ್ತು ಬ್ಲೇಡ್ ನಡುವೆ ಸಿಕ್ಕಿಕೊಂಡು ಹಾರುತ್ತದೆ.

ಹಳೆಗರಗಸ

ನಲವತ್ತು ವರ್ಷ ಇದೇ ಕೆಲಸದಲ್ಲಿ ಬದುಕಿದವನು ನಾನು. ನಮ್ಮ ಕಾಲದಲ್ಲಿ ಈ ನೈಫೂ ಇರಲಿಲ್ಲ, ಗಾರ್ಡೂ ಇರಲಿಲ್ಲ. ಗಮನ ಇದ್ದರೆ ಯಂತ್ರ ಏನೂ ಮಾಡುವುದಿಲ್ಲ. ಈಗಿನವರು ಸಾಮಾನು ಕೊಂಡು ಧೈರ್ಯ ತಂದುಕೊಳ್ಳುತ್ತಾರೆ, ಮರ ಓದುವುದನ್ನು ಕಲಿಯುವುದಿಲ್ಲ. ತಮ್ಮಾ, ಆ ಹಲಗೆ ಅಲುಗಾಡಿದಾಗಲೇ ನಿನಗೆ ಅದು ಹೇಳಿತ್ತು. ನೀನು ಕೇಳಿಸಿಕೊಳ್ಳಲಿಲ್ಲ.

ಎಳೆಗಂಟು

ಹಲಗೆ ಮೊದಲೇ ಹೇಳಿತ್ತು ಅನ್ನುವ ಮಾತು ನಿಜ ಅಣ್ಣ, ನಾನೂ ಅದನ್ನೇ ಪಾಲಿಸುತ್ತೇನೆ. ಆದರೆ ಗಮನ ಇದ್ದರೆ ಸಾಕು ಅನ್ನುವುದನ್ನು ಒಪ್ಪಲಾರೆ. ಗಮನ ಸಂಜೆಗೆ ಕಮ್ಮಿಯಾಗುತ್ತದೆ. ಮಗು ಕರೆದರೆ ಚದುರುತ್ತದೆ. ನೂರು ಸಲ ಒಂದೇ ಕೆಲಸ ಮಾಡಿದರೆ ಮಂಕಾಗುತ್ತದೆ. ನೈಫ್ ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ಹಲಗೆಮನೆ ಅವರು ಆವತ್ತು ಗಮನ ಇಟ್ಟೇ ಮಾಡಿದ್ದರಲ್ಲ? ಕೈ ಬ್ಲೇಡಿನ ಹತ್ತಿರ ಹೋಗಲು ದಾರಿಯೇ ಇಲ್ಲದಂತೆ ಕೆಲಸ ಜೋಡಿಸಿಕೊಳ್ಳುವುದು ಮೊದಲು. ಗಮನ ಅದರ ಮೇಲೆ.

ಹೊಸಚಿಗುರು

ನನ್ನ ಹತ್ತಿರ ಟೇಬಲ್ ಸಾ ಇಲ್ಲ. 4 ಇಂಚಿನ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಪ್ಲೈವುಡ್, ರೀಪರ್ ಎಲ್ಲ ಕತ್ತರಿಸುತ್ತೇನೆ. ಗಾರ್ಡ್ ಅಡ್ಡ ಬರುತ್ತದೆ ಅಂತ ತೆಗೆದಿದ್ದೇನೆ. ಇಷ್ಟು ದಿನ ಏನೂ ಆಗಿಲ್ಲ. ಚಿಕ್ಕ ಯಂತ್ರ, ಅಷ್ಟು ಅಪಾಯ ಇರಲಾರದು ಅಲ್ವಾ?

ಫ್ಯೂಸ್‌ವೈರ್

ದಯವಿಟ್ಟು ನಿಲ್ಲಿಸಿ. ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಭಯ ತಂದದ್ದು ನಿಮ್ಮ ಈ ನಾಲ್ಕು ಸಾಲು.

ಗ್ರೈಂಡರ್ ಮಾಡಿರುವುದು ಉಜ್ಜುವ ಚಕ್ರಕ್ಕೆ. 4 ಇಂಚಿನದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನಿಮ್ಮ ಬ್ಲೇಡಿನ ಮೇಲೆ ಅದು ತಡೆಯುವ ಗರಿಷ್ಠ ವೇಗ ಬರೆದಿರುತ್ತದೆ, ಓದಿ ನೋಡಿ. ಯಂತ್ರದ ವೇಗಕ್ಕಿಂತ ಆ ಸಂಖ್ಯೆ ಕಮ್ಮಿ ಇದ್ದರೆ ಬ್ಲೇಡ್ ಸೀಳಬಹುದು, ಹಲ್ಲು ಕಿತ್ತು ಹಾರಬಹುದು.

ಸಂಖ್ಯೆ ಸರಿ ಇದ್ದರೂ ದೊಡ್ಡ ತೊಂದರೆ ಉಳಿದೇ ಇರುತ್ತದೆ. ಉಜ್ಜುವ ಚಕ್ರ ಮರವನ್ನು ಕಚ್ಚುವುದಿಲ್ಲ, ಹಲ್ಲು ಕಚ್ಚುತ್ತದೆ. ಟೇಬಲ್ ಸಾ ಕಚ್ಚಿದರೆ ಹಲಗೆ ಹಾರುತ್ತದೆ. ಗ್ರೈಂಡರ್ ಕಚ್ಚಿದರೆ ಗ್ರೈಂಡರೇ ಹಾರುತ್ತದೆ. ಅದಕ್ಕೆ ಮರದ ಮೇಲೆ ಒರಗಿ ನಿಲ್ಲುವ ತಳ ಇಲ್ಲ, ಆಳ ಹಿಡಿಯುವ ವ್ಯವಸ್ಥೆ ಇಲ್ಲ. ಜಿಗಿದದ್ದು ತೊಡೆಗೆ, ಕೈಗೆ, ಮುಖಕ್ಕೆ ಬರುತ್ತದೆ. ಕೆಲವದರಲ್ಲಿ ಸ್ವಿಚ್ ಆನ್ ಸ್ಥಿತಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಕೈ ಬಿಟ್ಟರೂ ತಿರುಗುತ್ತಲೇ ಇರುತ್ತದೆ.

ಪ್ಲೈವುಡ್‌ಗೆ ಸರ್ಕ್ಯುಲರ್ ಸಾ ತೆಗೆದುಕೊಳ್ಳಿ. ಅದಕ್ಕೆ ಅಗಲವಾದ ತಳ ಇದೆ, ಕೆಳಗಿನ ಗಾರ್ಡ್ ಸ್ಪ್ರಿಂಗ್‌ನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಆ ಗಾರ್ಡನ್ನು ದಾರ ಕಟ್ಟಿ ತೆರೆದಿಡಬೇಡಿ. ಹಾಳೆಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದರೆ ಹಾಳೆ ಕುಸಿದು ಬ್ಲೇಡನ್ನು ಹಿಡಿಯುತ್ತದೆ. ಕೊಯ್ಯುವ ಗೆರೆಯ ಎರಡೂ ಕಡೆ ಆಸರೆ ಇರಲಿ. ಅದೂ ಇಲ್ಲವೇ, ಜಿಗ್‌ಸಾ ಸಾಕು. ನಿಧಾನ ಆಗುತ್ತದೆ, ಆಗಲಿ.

ಹೊಸಚಿಗುರು

ಬ್ಲೇಡ್ ಓದಿದೆ. 8,500 ಅಂತ ಇದೆ. ಯಂತ್ರದ ಮೇಲೆ 11,000. ಒಂದು ವರ್ಷದಿಂದ ಹೀಗೇ ಮಾಡುತ್ತಿದ್ದೆ. ಬಿಚ್ಚಿ ಎಸೆದಿದ್ದೇನೆ. ಸದ್ಯಕ್ಕೆ ಕೈಗರಗಸ ಇದೆ, ಅದರಲ್ಲೇ ಮಾಡುತ್ತೇನೆ. ಇನ್ನೊಂದು ಕೇಳಬೇಕು: ಕೈಗವಸು ಹಾಕಿಕೊಂಡು ಕೆಲಸ ಮಾಡಿದರೆ ಒಳ್ಳೆಯದಲ್ವಾ?

ತಿರುಗಣೆ

ತಿರುಗುವ ಯಂತ್ರದ ಮುಂದೆ ಬೇಡವೇ ಬೇಡ. ನಾನು ಲೇತ್ (ಮರದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಮೇಲೆ ಬಟ್ಟಲು, ಲಟ್ಟಣಿಗೆ, ಆಟಿಕೆ ಮಾಡುವವಳು. ಬರಿಗೈ ತಾಗಿದರೆ ಚರ್ಮ ಸುಲಿಯುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಕೈಗವಸಿನ ಒಂದು ಎಳೆ ಸಿಕ್ಕಿದರೆ ಸಾಕು, ಕೈಯನ್ನೇ ಒಳಗೆ ಸುತ್ತಿಕೊಳ್ಳುತ್ತದೆ. ಲೇತ್, ಡ್ರಿಲ್ ಪ್ರೆಸ್, ಟೇಬಲ್ ಸಾ, ಅಂಚು ಮತ್ತು ಗ್ರೂವ್ ಕೊರೆಯುವ ರೂಟರ್, ಎಲ್ಲಕ್ಕೂ ಇದೇ ಮಾತು. ಉಂಗುರ, ಬಳೆ, ಸರ, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು ಇವೂ ಹಾಗೆಯೇ. ನಾನು ಕೋಣೆಗೆ ಕಾಲಿಡುವ ಮೊದಲೇ ಬಳೆ ತೆಗೆದಿಟ್ಟು, ಜಡೆ ಸುತ್ತಿ ಗಂಟು ಹಾಕುತ್ತೇನೆ. ಒರಟು ಹಲಗೆ ಹೊರುವಾಗ, ಜೋಡಿಸಿಡುವಾಗ ಕೈಗವಸು ಹಾಕಿ. ಯಂತ್ರ ಆನ್ ಮಾಡುವ ಮೊದಲು ತೆಗೆಯಿರಿ.

ಲೇತ್ ಇರುವವರಿಗೆ ಎರಡು ಮಾತು. ಮರದ ತುಂಡನ್ನು ಹಾಕಿದ ಮೇಲೆ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಉಳಿ ಒರಗಿಸುವ ಟೂಲ್ ರೆಸ್ಟ್‌ಗೆ ತಾಗುತ್ತದಾ ನೋಡಿ. ಆನ್ ಮಾಡುವಾಗ ತುಂಡಿನ ನೇರಕ್ಕೆ ನಿಲ್ಲಬೇಡಿ. ಬಿರುಕು ಇದ್ದ ತುಂಡು ಮೊದಲ ಕೆಲವು ಸೆಕೆಂಡಿನಲ್ಲೇ ಒಡೆದು ಹಾರುವುದು ಜಾಸ್ತಿ. ನಾನು ಒಂದು ಸಲ ಸಣ್ಣ ಬಿರುಕನ್ನು ನೋಡಿಯೂ ಸುಮ್ನೆ ಬಿಟ್ಟೆ, ಬಟ್ಟಲಿನ ಅರ್ಧ ಭಾಗ ಬಂದು ಮುಖದ ಶೀಲ್ಡ್ ಒಡೆಯಿತು. ಶೀಲ್ಡ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಮನಸ್ಸಾಗುವುದಿಲ್ಲ. ಆವತ್ತಿನಿಂದ ಬಿರುಕಿರುವ ತುಂಡನ್ನು ಲೇತ್‌ಗೆ ಹಾಕಿಲ್ಲ. ಎಷ್ಟೇ ಚೆಂದದ ಎಳೆ ಇದ್ದರೂ ಸರಿ.

ಉಪ್ಪುಕಾಗದ ಹಿಡಿಯುವಾಗ ಟೂಲ್ ರೆಸ್ಟ್ ದೂರ ಸರಿಸಿ. ಪಾಲಿಶ್ ಹಚ್ಚಲು ಬಟ್ಟೆ ಬೇಡ, ಪೇಪರ್ ಟವಲ್ ಬಳಸಿ. ಸಿಕ್ಕಿಕೊಂಡರೆ ಅದು ಹರಿದು ಹೋಗುತ್ತದೆ, ಬಟ್ಟೆ ಹರಿಯುವುದಿಲ್ಲ.

ಕೊಡತಿ

ನಾನು ಬರೀ ಕೈ ಸಾಮಾನಿನಲ್ಲಿ ಕೆಲಸ ಮಾಡುವವನು. ಇದರಲ್ಲಿ ಅಪಾಯ ಇಲ್ಲ ಅಂದುಕೊಂಡು ಬರುವವರು ಬಹಳ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಐದು ಹೊಲಿಗೆ ಇದೆ, ಮುಕ್ಕಾಲು ಇಂಚಿನ ಉಳಿಯಿಂದ ಆದದ್ದು. ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಉಳಿ. ಅಷ್ಟೇ ತಪ್ಪು.

ಈಗ ಮರವನ್ನು ವೈಸ್ ಅಥವಾ ಕ್ಲಾಂಪ್ ಹಿಡಿಯುತ್ತದೆ, ನನ್ನ ಎರಡು ಕೈಯೂ ಉಳಿಯ ಮೇಲೆ ಇರುತ್ತವೆ. ಎರಡೂ ಕೈ ಉಳಿಯ ಬಾಯಿಗಿಂತ ಹಿಂದೆ. ಉಳಿ ಜಾರಿದರೆ ಎಲ್ಲಿಗೆ ಹೋಗುತ್ತದೆ ಅಂತ ಪ್ರತಿ ಸಲ ನೋಡುತ್ತೇನೆ. ಆ ದಾರಿಯಲ್ಲಿ ಮೈಯ ಯಾವ ಭಾಗವೂ ಇರಬಾರದು.

ಮೊಂಡು ಉಳಿ ಹರಿತವಾದ ಉಳಿಗಿಂತ ಅಪಾಯ. ಮೊಂಡು ಉಳಿಗೆ ಬಲ ಹಾಕುತ್ತೇವೆ, ಮರ ತಟ್ಟನೆ ಬಿಟ್ಟುಕೊಟ್ಟಾಗ ಆ ಬಲ ನಿಲ್ಲಿಸಲು ಆಗುವುದಿಲ್ಲ. ಉಳಿಯನ್ನು ಮೇಜಿನ ಅಂಚಿನಲ್ಲಿ ಇಡಬೇಡಿ. ಬಿದ್ದರೆ ಹಿಡಿಯಲು ಕೈ ಚಾಚಬೇಡಿ. ಬೀಳಲಿ, ಮತ್ತೆ ಸಾಣೆ ಹಿಡಿಯಬಹುದು.

ಮರದಹುಡಿ

ಎಲ್ಲರೂ ಬೆರಳಿನ ಬಗ್ಗೆ ಹೇಳಿದಿರಿ. ನನ್ನ ಕಷ್ಟ ಶ್ವಾಸದ್ದು. ಆರು ವರ್ಷ ಮುಚ್ಚಿದ ಕೋಣೆಯಲ್ಲಿ ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕತ್ತರಿಸಿದೆ, ಉಜ್ಜಿದೆ. ಮುಖಕ್ಕೆ ಒಂದು ಕರ್ಚೀಫ್ ಕಟ್ಟುತ್ತಿದ್ದೆ, ಅಷ್ಟೇ. ಈಗ ಇನ್ಹೇಲರ್ ಜೇಬಿನಲ್ಲೇ ಇರುತ್ತದೆ.

ಕಣ್ಣಿಗೆ ಕಾಣುವ ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ, ಅದು ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಕಣ್ಣಿಗೆ ಕಾಣದ ಹುಡಿ, 10 ಮೈಕ್ರಾನ್‌ಗಿಂತ ಸಣ್ಣದು. ನೀವು ಯಂತ್ರ ನಿಲ್ಲಿಸಿ, ಮಾಸ್ಕ್ ತೆಗೆದು, ಕೆಲಸ ಚೆನ್ನಾಗಿ ಬಂತಾ ಅಂತ ಬಗ್ಗಿ ನೋಡುತ್ತೀರಲ್ಲ, ಆಗ ಅದು ಇನ್ನೂ ಗಾಳಿಯಲ್ಲೇ ತೇಲುತ್ತಿರುತ್ತದೆ. ಗಂಟೆಗಟ್ಟಲೆ ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಸೈನಸ್‌ನ ಕ್ಯಾನ್ಸರ್. ಎಂಡಿಎಫ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಬೀಟೆ, ತೇಗ, ಸೀಡರ್ ಇವುಗಳ ಹುಡಿಗೆ ಕೆಲವರ ಚರ್ಮ ತುರಿಸುತ್ತದೆ, ಕೆಲವರಿಗೆ ಉಬ್ಬಸ ಬರುತ್ತದೆ. ಒಂದು ಸಲ ಮೈಗೆ ಒಗ್ಗದೆ ಹೋದರೆ ಆಮೇಲೆ ಚಿಟಿಕೆ ಹುಡಿಗೂ ತೊಂದರೆ ಶುರು.

ಬಟ್ಟೆ ಮಾಸ್ಕ್‌ನಿಂದ ಉಪಯೋಗ ಇಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಇರಲಿ, ಮುಖಕ್ಕೆ ಸುತ್ತಲೂ ಕೂತಿರಲಿ. ಗಡ್ಡ ಇದ್ದರೆ ಅದು ಕೂರುವುದಿಲ್ಲ. ದಿನಾ ಕೆಲಸ ಮಾಡುವವರಿಗೆ ಫಿಲ್ಟರ್ ಬದಲಾಯಿಸುವ ರಬ್ಬರ್ ಮಾಸ್ಕ್ ವಾಸಿ. ಆದರೂ ಮಾಸ್ಕ್ ಕೊನೆಯ ಗೋಡೆ. ಹುಡಿ ಹುಟ್ಟುವ ಜಾಗದಲ್ಲೇ, ಸ್ಯಾಂಡರ್‌ನ ಬಾಯಿಗೇ, ವ್ಯಾಕ್ಯೂಮ್ ಪೈಪ್ ಸೇರಿಸಿ. ಕಿಟಕಿ ತೆರೆದು ಫ್ಯಾನನ್ನು ಹೊರಮುಖವಾಗಿ ಇಡಿ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಬ್ಲೋವರ್‌ನಲ್ಲಿ ಊದಬೇಡಿ. ನೆಲಕ್ಕೆ ಕೂತದ್ದನ್ನು ಮತ್ತೆ ಮೂಗಿಗೆ ತಂದಂತೆ. ಕೆಲಸದ ಅಂಗಿಯಲ್ಲೇ ಒಳಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ನಾನು ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಸಚಿಗುರು

ಕಿವಿಗೂ ಏನಾದರೂ ಬೇಕಾ? ಗ್ರೈಂಡರ್ ಬಿಟ್ಟ ಮೇಲೆ ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತದೆ.

ಫ್ಯೂಸ್‌ವೈರ್

ಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದರೆ ಆ ಸಮಯ ಅರ್ಧ. 100 ಡೆಸಿಬಲ್‌ಗೆ 15 ನಿಮಿಷ ಮಾತ್ರ. ರೂಟರ್, ಸರ್ಕ್ಯುಲರ್ ಸಾ ಆ ಮಟ್ಟಕ್ಕೆ ಸುಲಭವಾಗಿ ಹೋಗುತ್ತವೆ. ಗುಂಯ್ ಅನ್ನುವುದು ಕಿವಿ ಕೊಡುವ ಎಚ್ಚರಿಕೆ. ಹೋದ ಕಿವಿ ವಾಪಸ್ ಬರುವುದಿಲ್ಲ. ಇಯರ್ ಮಫ್ ಅನ್ನು ಯಂತ್ರದ ಮೇಲೇ ನೇತುಹಾಕಿ.

ಕರೆಂಟ್ ವಿಷಯ ಯಾರೂ ಎತ್ತಲಿಲ್ಲ. ಯಂತ್ರ ಓಡುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ನೀವು ಸ್ವಿಚ್ ಮರೆತು ಬ್ಲೇಡಿನ ಹತ್ತಿರ ಸಿಕ್ಕ ಚೂರು ತೆಗೆಯಲು ಬಗ್ಗುತ್ತೀರಿ. ಕರೆಂಟ್ ಬಂತು. ಇದು ಆಗಬಾರದು ಅಂತಲೇ ನೋ-ವೋಲ್ಟ್ ಸ್ವಿಚ್ ಇರುವುದು. ಕರೆಂಟ್ ಬಂದರೂ ಗುಂಡಿ ಒತ್ತುವವರೆಗೆ ಯಂತ್ರ ಶುರುವಾಗುವುದಿಲ್ಲ. ಹಳೆಯ ಯಂತ್ರಕ್ಕೂ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಬಹುದು. ಬ್ಲೇಡ್, ಬಿಟ್ ಬದಲಾಯಿಸುವಾಗ ಪ್ಲಗ್ ಕಿತ್ತು ಕಣ್ಣ ಮುಂದೆ ಇಟ್ಟುಕೊಳ್ಳಿ. ಕೋಣೆಯ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ದೊಡ್ಡ ಯಂತ್ರ ಓಡಿಸಬೇಡಿ, ಬಿಸಿಯಾಗಿ ಕರಗುತ್ತದೆ.

ತಿರುಗಣೆ

ವೈರ್ ಬಿಸಿಯಾಗುತ್ತದೆ ಅಂದ ಕೂಡಲೇ ಬೆಂಕಿಯ ವಿಷಯ ನೆನಪಾಯಿತು. ಅಗಸೆ ಎಣ್ಣೆ ಹಚ್ಚುವವರು ಇದನ್ನು ಓದಲೇಬೇಕು. ಆ ಎಣ್ಣೆ ಒಣಗುವುದು ನೀರಿನಂತೆ ಆರಿ ಅಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ. ಸೇರುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕೂಡಿಕೊಳ್ಳುತ್ತದೆ, ಗಂಟೆಗಳ ನಂತರ ತಾನೇ ಹತ್ತಿಕೊಳ್ಳುತ್ತದೆ. ಕಡ್ಡಿ ಬೇಡ, ಕಿಡಿ ಬೇಡ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಸುಟ್ಟದ್ದು ಹೀಗೆಯೇ. ಮರದ ಪ್ಯಾನೆಲ್‌ಗೆ ಪಾಲಿಶ್ ಮಾಡಿದವರು ಬಿಟ್ಟು ಹೋದ ಎಣ್ಣೆ ಬಟ್ಟೆಗಳಿಂದ 22ನೇ ಮಹಡಿಯಲ್ಲಿ ಶುರುವಾಯಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು.

ನಾನು ಬಟ್ಟೆಯನ್ನು ಬಿಚ್ಚಿ, ಹೊರಗೆ, ಒಂದೇ ಪದರವಾಗಿ ಹರವುತ್ತೇನೆ. ಒಣಗಿ ಗರಿಗರಿಯಾದ ಮೇಲೆ ಕಸಕ್ಕೆ. ಹೊರಗೆ ಜಾಗ ಇಲ್ಲದವರು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಹಳೆಗರಗಸ

ಎರಡು ದಿನ ಓದುತ್ತಾ ಕೂತಿದ್ದೆ. ಎಳೆಗಂಟು ತಂಗಿ ಹೇಳಿದ ಮಾತು ಮನಸ್ಸಿನಲ್ಲೇ ಉಳಿಯಿತು. ಒಂದು ವಿಷಯ ಬರೆಯದೆ ಬಿಟ್ಟಿದ್ದೆ, ಈಗ ಬರೆಯುತ್ತೇನೆ.

ನನ್ನ ಎಡ ತೋರುಬೆರಳು ಮೊದಲ ಗೆಣ್ಣಿನವರೆಗೆ ಮಾತ್ರ ಇದೆ. ಹೋದದ್ದು ಕೆಲಸ ಕಲಿಯುವಾಗ ಅಲ್ಲ. ಇಪ್ಪತ್ತೆರಡನೇ ವರ್ಷದ ಅನುಭವದಲ್ಲಿ. ಬೆಳಿಗ್ಗೆಯಿಂದ ಒಂದೇ ಅಳತೆಯ ಪಟ್ಟಿ ಸೀಳುತ್ತಿದ್ದೆ. ಸಂಜೆ ಇನ್ನು ಎರಡು ಪಟ್ಟಿ ಬಾಕಿ. ತಳ್ಳುವ ಕೋಲು ಎಲ್ಲೋ ಕೆಳಗೆ ಬಿದ್ದಿತ್ತು, ಬಗ್ಗಿ ತೆಗೆಯಲಿಲ್ಲ. ಎರಡೇ ಅಲ್ವಾ ಅಂದುಕೊಂಡೆ. ಪಟ್ಟಿಯ ತುದಿಯಲ್ಲಿ ಒಂದು ಗಂಟು ಇತ್ತು. ಅದು ಸಡಿಲವಾಗಿ ಬಿಚ್ಚಿಕೊಂಡಿತು, ಪಟ್ಟಿ ಜಾರಿತು. ನೋವು ಮೊದಲು ಆಗಲಿಲ್ಲ. ಮೇಜಿನ ಮೇಲೆ ರಕ್ತ ನೋಡಿ ಯಾರದ್ದು ಅಂತ ಯೋಚಿಸಿದೆ.

ಗಮನ ಇರಲಿಲ್ಲ ಅಂತ ಇಷ್ಟು ವರ್ಷ ನನ್ನನ್ನೇ ಬೈದುಕೊಂಡೆ. ಆದರೆ ಗಮನ ಅಷ್ಟು ಹೊತ್ತಿಗೆ ಯಾರಿಗೂ ಇರುವುದಿಲ್ಲ. ಕೋಲು ಕೈಗೆಟುಕುವ ಜಾಗದಲ್ಲಿ ಇರಬೇಕಿತ್ತು. ತಮ್ಮಾ, ಫೆನ್ಸ್‌ಗೇ ಒಂದು ಮೊಳೆ ಹೊಡೆದು ಕೋಲನ್ನು ಅಲ್ಲೇ ನೇತುಹಾಕು. ಒಂದಲ್ಲ, ಎರಡು ಇಡು. ಬ್ಲೇಡಿನಿಂದ ಒಂದು ಗೇಣಿನ ಸುತ್ತ ಮೇಜಿನ ಮೇಲೆ ಕೆಂಪು ಗೆರೆ ಎಳೆ. ಯಂತ್ರ ಓಡುವಾಗ ಆ ಗೆರೆಯೊಳಗೆ ಕೋಲು ಮಾತ್ರ ಹೋಗಬೇಕು.

ಎಳೆಗಂಟು

ಅಣ್ಣ, ಇದನ್ನು ಬರೆಯುವುದು ಸುಲಭ ಇರಲಿಲ್ಲ ಅಂತ ಗೊತ್ತು. ಕೆಂಪು ಗೆರೆಯನ್ನು ನಾನು ಇವತ್ತೇ ಎಳೆಯುತ್ತೇನೆ.

ಒಂದು ಮಾತು ಸೇರಿಸುತ್ತೇನೆ. ಬೆರಳು ತಾಗಿದರೆ ತಾನೇ ನಿಲ್ಲುವ ಸಾಸ್ಟಾಪ್ ಯಂತ್ರದ ಬಗ್ಗೆ ಮೂವರು ನನಗೆ ಬೇರೆಯಾಗಿ ಕೇಳಿದ್ದಾರೆ. 2004ರಿಂದ ಮಾರುಕಟ್ಟೆಯಲ್ಲಿದೆ. ಮೈಯಲ್ಲಿ ವಿದ್ಯುತ್ ಹರಿಯುವ ಗುಣದಿಂದ ಬೆರಳನ್ನು ಗುರುತಿಸಿ, ಅಲ್ಯೂಮಿನಿಯಂ ತುಂಡನ್ನು ಬ್ಲೇಡಿಗೆ ಬಡಿದು, ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ನಿಜಕ್ಕೂ ಬೆರಳು ಉಳಿಸುವ ಯಂತ್ರ. ಆದರೆ ಹಾರಿ ಬರುವ ಹಲಗೆಯನ್ನು ಆ ಬ್ರೇಕ್ ತಡೆಯುವುದಿಲ್ಲ. ಹಲಗೆಮನೆ ಅವರ ಪೆಟ್ಟು ಅದರ ಮುಂದೆ ನಿಂತಿದ್ದರೂ ಬೀಳುತ್ತಿತ್ತು. ಅದರಲ್ಲೂ ನೈಫ್ ಬೇಕೇ ಬೇಕು.

ಗಾಯಪಟ್ಟಿ

ಆಗುವುದು ಆಗಿಯೇ ಬಿಟ್ಟರೆ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅಂತ ಬರೆಯುತ್ತೇನೆ. ಇದನ್ನು ಮನೆಯವರಿಗೂ ಓದಿ ಹೇಳಿ, ಯಾಕೆಂದರೆ ಗಾಯವಾದವರ ಕೈ ಆಗ ನಡುಗುತ್ತಿರುತ್ತದೆ.

ಯಂತ್ರ ನಿಲ್ಲಿಸಿ, ನೆಲಕ್ಕೆ ಕೂರಿಸಿ. ನಿಂತಿದ್ದರೆ ತಲೆ ತಿರುಗಿ ಬೀಳುತ್ತಾರೆ. ಸ್ವಚ್ಛ ಬಟ್ಟೆಯಿಂದ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಕಿತ್ತು ನೋಡಬೇಡಿ, ಅದರ ಮೇಲೆ ಇನ್ನೊಂದು ಇಡಿ. ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ. ಮರದ ದಪ್ಪ ಚೂರು ಆಳವಾಗಿ ಹೊಕ್ಕಿದ್ದರೆ ಕೀಳಬೇಡಿ. ರಕ್ತನಾಳವನ್ನು ಅದೇ ಮುಚ್ಚಿ ಹಿಡಿದಿರಬಹುದು. ಸುತ್ತಲೂ ಬಟ್ಟೆ ಒತ್ತಿ ಕರೆತನ್ನಿ.

ಬೆರಳು ತುಂಡಾಗಿದ್ದರೆ ಹುಡುಕಿ ತನ್ನಿ, ಎಷ್ಟು ಚಿಕ್ಕದಾದರೂ. ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿಯಾಡದಂತೆ ಕಟ್ಟಿ. ಆ ಚೀಲವನ್ನು ಐಸ್ ಮತ್ತು ನೀರು ಇರುವ ಇನ್ನೊಂದು ಚೀಲದಲ್ಲಿ ಇಡಿ. ನೇರವಾಗಿ ಐಸ್ ಮೇಲೆ ಇಟ್ಟರೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ತಂದವರನ್ನು ನೋಡಿದ್ದೇನೆ, ಜೋಡಿಸಲು ಆಗಲಿಲ್ಲ. ದಾರಿಯಲ್ಲಿ ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಆಪರೇಷನ್ ಬೇಕಾಗಬಹುದು.

ಕಣ್ಣಿಗೆ ಚೂರು ಚುಚ್ಚಿದರೆ ಉಜ್ಜಬಾರದು, ತೆಗೆಯಲೂಬಾರದು. ಮೇಲೆ ಒಂದು ಕಾಗದದ ಲೋಟ ಮುಚ್ಚಿ, ಒತ್ತದೆ ಕರೆತನ್ನಿ. ಓದುವ ಕನ್ನಡಕ ಕಣ್ಣನ್ನು ಕಾಪಾಡುವುದಿಲ್ಲ, ಪಕ್ಕದಲ್ಲೂ ಮುಚ್ಚಿರುವ ಕೆಲಸದ ಕನ್ನಡಕ ಬೇಕು. ಟೆಟನಸ್ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿರಿ ಅಂತ ಬರೆದಿಡಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ದೊಡ್ಡ ಯಂತ್ರ ಆನ್ ಮಾಡಬೇಡಿ.

ಹಲಗೆಮನೆ

ಇವತ್ತು ಇಡೀ ದಿನ ಒಂದು ತುಂಡು ಮರವನ್ನೂ ಕತ್ತರಿಸಲಿಲ್ಲ. ನೈಫ್ ಹಾಕಿದೆ. ಫೆನ್ಸ್ ಬ್ಲೇಡಿಗೆ ಸಮಾನಾಂತರ ಇದೆಯಾ ಅಂತ ಅಳೆದೆ. ಹಿಂಭಾಗದಲ್ಲಿ ಒಂದು ಮಿಲಿಮೀಟರ್ ಬ್ಲೇಡಿನ ಕಡೆಗೇ ವಾಲಿತ್ತು. ಹಲಗೆಯನ್ನು ನಾನೇ ಹಿಂದಿನ ಹಲ್ಲಿಗೆ ಒತ್ತುತ್ತಿದ್ದೆ ಅಂತಾಯಿತು. ಸರಿ ಮಾಡಿದೆ. ಫೆನ್ಸ್‌ಗೆ ಎರಡು ಕೋಲು ನೇತುಹಾಕಿದೆ, ಕೆಂಪು ಗೆರೆ ಎಳೆದೆ. ನಿಂತು ನೋಡಿದರೆ ಹೋದ ವಾರ ನನ್ನ ಎರಡೂ ಕೈ ಆ ಗೆರೆಯೊಳಗೆ ಇದ್ದವು. ಮಗಳು ಪ್ಲಗ್ ಪಕ್ಕದಲ್ಲಿ "ಮೊದಲು ಇದನ್ನು ತೆಗಿ ಅಪ್ಪ" ಅಂತ ಬರೆದು ಅಂಟಿಸಿದ್ದಾಳೆ.

ಒಂದು ಪ್ರಶ್ನೆ ಉಳಿಯಿತು. ಆಟಿಕೆಗೆ ಎರಡು ಇಂಚಿನ ಚಿಕ್ಕ ಚಿಕ್ಕ ತುಂಡು ಬೇಕು. ಕೋಲಿಗೂ ಸಿಗದಷ್ಟು ಚಿಕ್ಕದು. ಅದನ್ನು ಹೇಗೆ ಕತ್ತರಿಸಲಿ?

ಕೊಡತಿ

ಚಿಕ್ಕದನ್ನು ಇನ್ನೂ ಚಿಕ್ಕದು ಮಾಡಬೇಡಿ, ಉದ್ದ ಪಟ್ಟಿಯಿಂದ ಕತ್ತರಿಸುತ್ತಾ ಬನ್ನಿ. ಪಟ್ಟಿ ಒಂದು ಗೇಣಿಗಿಂತ ಕಮ್ಮಿ ಉಳಿದಾಗ ಯಂತ್ರದಿಂದ ತೆಗೆದು ಬೆಂಚ್ ಹುಕ್ (ಮೇಜಿನ ಅಂಚಿಗೆ ಸಿಕ್ಕಿಸಿ ತುಂಡನ್ನು ಒರಗಿಸುವ ಹಲಗೆ) ಮೇಲೆ ಇಟ್ಟು ಕೈಗರಗಸದಲ್ಲಿ ಕೊಯ್ಯಿರಿ. ಎರಡು ಇಂಚಿನ ತುಂಡಿಗೆ ಅರ್ಧ ನಿಮಿಷ ಸಾಕು.

ಎಳೆಗಂಟು

ತುಂಬಾ ತುಂಡು ಬೇಕಾದರೆ ಒಂದು ಸ್ಲೆಡ್, ಅಂದರೆ ತುಂಡನ್ನು ಹೊತ್ತು ಮೇಜಿನ ಮೇಲೆ ಜಾರುವ ಹಲಗೆ, ಮಾಡಿಕೊಳ್ಳಿ. 12 ಮಿಲಿಮೀಟರ್ ಪ್ಲೈವುಡ್ ತಳ, ಯಂತ್ರದ ಮೇಜಿನಲ್ಲಿರುವ ಗ್ರೂವ್‌ನಲ್ಲಿ ಜಾರುವ ಪಟ್ಟಿ, ತುಂಡನ್ನು ಒತ್ತಿ ಹಿಡಿಯಲು ಒಂದು ಟಾಗಲ್ ಕ್ಲಾಂಪ್. ಸ್ಲೆಡ್ ಹಿಂದೆ, ಬ್ಲೇಡ್ ಹೊರಗೆ ಬರುವ ಜಾಗಕ್ಕೆ, ದಪ್ಪ ಮರದ ದಿಮ್ಮಿ ಅಂಟಿಸುವುದನ್ನು ಮರೆಯಬೇಡಿ. ತಳ್ಳುವಾಗ ಹೆಬ್ಬೆರಳು ಕೂರುವುದು ಸರಿಯಾಗಿ ಅಲ್ಲೇ. ಆ ದಿಮ್ಮಿಯಲ್ಲಿ ಸ್ಕ್ರೂ ಬೇಡ, ಅಂಟು ಮಾತ್ರ. ಮಾಡಿದ ಮೇಲೆ ಚಿತ್ರ ಹಾಕಿ, ಮೊದಲ ಸಲ ಓಡಿಸುವ ಮುಂಚೆ ನೋಡಿ ಹೇಳುತ್ತೇನೆ.